ಹಳೆಯ ಕಾರಿಗೆ ಹೊಸ ಕಂಠ

(ಶಿವಮೊಗ್ಗದಲ್ಲಿ ಹಳೆಯ ಕಾರುಗಳ ಆಸಕ್ತರ ಮುಂದೆ ಮಾಡಿದ ಭಾಷಣದ ಬರಹರೂಪ)



ಹಳೆಯ ಕಾರನ್ನು ಮುತುವರ್ಜಿಯಿಂದ ಇಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: 'ಇದಕ್ಕೊಂದು ಒಳ್ಳೆಯ ಸ್ಟೀರಿಯೋ ಹಾಕಿಸಬಹುದೇ?' ಹಾಕಿಸಬಹುದು. ಅದರಲ್ಲಿ ಪಾಪವೇನೂ ಇಲ್ಲ. ಕಾರು ಇರುವುದು ಓಡುವುದಕ್ಕೆ. ಓಡುವ ಕಾರಿನಲ್ಲಿ ಮನುಷ್ಯರು ಕೂರುತ್ತಾರೆ. ಕೂತವರಿಗೆ ಹಾಡು ಬೇಕು. ಆದರೆ ಈ ಪ್ರಶ್ನೆಯ ಬೆನ್ನಲ್ಲೇ ಇನ್ನೊಂದು ಪ್ರಶ್ನೆ ಇದೆ. ಹಾಕಿಸುವಾಗ ಏನನ್ನು ಕತ್ತರಿಸುತ್ತೀರಿ? ನಾನು ಇವತ್ತು ಮಾತನಾಡಬೇಕೆಂದಿರುವುದು ಮುಖ್ಯವಾಗಿ ಈ ಎರಡನೆಯ ಪ್ರಶ್ನೆಯ ಬಗ್ಗೆ.

ಕ್ಯಾಸೆಟ್ ಪ್ಲೇಯರುಗಳ ಕಾಲವನ್ನು ನೆನಪಿಸಿಕೊಳ್ಳಿ. ಎಷ್ಟೋ ಅಂಬಾಸಿಡರ್, ಫಿಯಟ್ ಕಾರುಗಳ ಡ್ಯಾಷ್‌ಬೋರ್ಡಿಗೆ ಆಗ ಗರಗಸ ಬಿತ್ತು. ಬಾಗಿಲುಗಳಲ್ಲಿ ದುಂಡಗೆ ತೂತು ಕೊರೆದು ಸ್ಪೀಕರ್ ಕೂರಿಸಿದರು. ಕ್ಯಾಸೆಟ್ ಹೋಯಿತು, ಸಿ.ಡಿ. ಬಂತು, ತೂತು ಇನ್ನಷ್ಟು ದೊಡ್ಡದಾಯಿತು. ಈಗ ಸಿ.ಡಿ.ಯೂ ಹೋಗಿದೆ. ಉಳಿದಿರುವುದು ತೂತು ಮಾತ್ರ. ಆಗ ಅದು ದೊಡ್ಡ ನಷ್ಟವೆಂದು ಯಾರಿಗೂ ಅನ್ನಿಸಲಿಲ್ಲ, ಏಕೆಂದರೆ ಕಾರು ಇನ್ನೂ ತಯಾರಾಗುತ್ತಿತ್ತು, ಬಿಡಿಭಾಗ ಅಂಗಡಿಯಲ್ಲಿ ಸಿಗುತ್ತಿತ್ತು. ಪ್ರೀಮಿಯರ್ ಪದ್ಮಿನಿಯ ತಯಾರಿಕೆ 2000ದ ಸುಮಾರಿಗೆ ನಿಂತಿತು. ಉತ್ತರಪಾಡಾದ ಹಿಂದೂಸ್ಥಾನ್ ಮೋಟಾರ್ಸ್ 2014ರಲ್ಲಿ ಅಂಬಾಸಿಡರ್ ತಯಾರಿಕೆಯನ್ನು ನಿಲ್ಲಿಸಿತು. ಇನ್ನು ಮುಂದೆ ಕತ್ತರಿಸಿದ್ದು ಕತ್ತರಿಸಿದ್ದೇ.

ಕಾರಿಗೂ ರೇಡಿಯೋಗೂ ನಂಟು ಬೆಳೆದದ್ದು ಸುಲಭವಾಗಿ ಅಲ್ಲ. ವಾಲ್ವ್ ರೇಡಿಯೋಗೆ ಇನ್ನೂರು ವೋಲ್ಟಿನಷ್ಟು ವಿದ್ಯುತ್ ಬೇಕು; ಕಾರಿನ ಬ್ಯಾಟರಿ ಕೊಡುವುದು ಆರೋ ಹನ್ನೆರಡೋ. ಇಂಜಿನ್ನಿನ ಪ್ಲಗ್ಗುಗಳ ಕಿಡಿಯೆಲ್ಲ ರೇಡಿಯೋದಲ್ಲಿ ಪಟಪಟ ಎಂದು ಕೇಳಿಸುತ್ತದೆ. ಅಮೆರಿಕದ ಷಿಕಾಗೋದಲ್ಲಿ ಗ್ಯಾಲ್ವಿನ್ ಸಹೋದರರು 1930ರಲ್ಲಿ ಕಾರಿಗೆ ಹೊಂದುವ ರೇಡಿಯೋವನ್ನು ಮಾರುಕಟ್ಟೆಗೆ ತಂದರು. ಮೋಟಾರು ಎಂಬ ಪದವನ್ನು ಸೇರಿಸಿ ಅದಕ್ಕೆ 'ಮೋಟರೋಲಾ' ಎಂದು ಹೆಸರಿಟ್ಟರು. ಮುಂದೆ ವೈಬ್ರೇಟರ್ ಎಂಬ ಪುಟ್ಟ ಸಾಧನ ಬಂತು. ಬ್ಯಾಟರಿಯ ನೇರ ವಿದ್ಯುತ್ತನ್ನು ಅದು ಕ್ಷಣಕ್ಷಣಕ್ಕೂ ಕಡಿದು ಕೂಡಿಸಿ, ಟ್ರಾನ್ಸ್‌ಫಾರ್ಮರಿಗೆ ಊಡಿಸಿ, ವೋಲ್ಟೇಜನ್ನು ಏರಿಸುತ್ತಿತ್ತು. ಹಳೆಯ ಕಾರು ರೇಡಿಯೋ ಹಾಕಿದ ಕೂಡಲೇ ದುಂಬಿಯಂತೆ ಗುಂಯ್‌ಗುಡುತ್ತಿದ್ದುದು ಅದರಿಂದಲೇ. 1950ರ ದಶಕದ ನಡುವೆ ಟ್ರಾನ್ಸಿಸ್ಟರ್ ಬಂದ ಮೇಲೆ ಆ ದುಂಬಿ ಸುಮ್ಮನಾಯಿತು.

ನಮ್ಮ ಕಡೆ ಇದರ ಕತೆಯೇ ಬೇರೆ. ಕಾರಿನಲ್ಲಿ ರೇಡಿಯೋ ಇದ್ದರೆ ಸಾಲದು, ಕೇಳುವುದಕ್ಕೆ ನಿಲಯವೂ ಬೇಕಲ್ಲ! ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಬಾನುಲಿಯನ್ನು ಆರಂಭಿಸಿದರು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು. ಮಲೆನಾಡಿಗೆ ಹತ್ತಿರದ ದನಿ ಸಿಕ್ಕಿದ್ದು 1965ರಲ್ಲಿ, ಭದ್ರಾವತಿ ಆಕಾಶವಾಣಿ ಆರಂಭವಾದಾಗ. ಅದರ ಮಧ್ಯಮ ತರಂಗದ ನೆಲೆ 675 ಕಿಲೋಹರ್ಟ್ಸ್, ಅಂದರೆ ಸುಮಾರು 444 ಮೀಟರ್ ಉದ್ದದ ಅಲೆ. ಅಷ್ಟು ಉದ್ದದ ಅಲೆ ನೆಲವನ್ನು ತಬ್ಬಿಕೊಂಡು, ಗುಡ್ಡವನ್ನು ಬಳಸಿಕೊಂಡು ಸಾಗುತ್ತದೆ. ಘಟ್ಟದ ದಾರಿಯಲ್ಲಿ, ತೋಟದ ನಡುವಿನ ತಿರುವಿನಲ್ಲಿ ದನಿ ಕ್ಷೀಣಿಸಬಹುದು, ಆದರೆ ಒಮ್ಮೆಲೇ ಕಡಿದುಹೋಗುವುದಿಲ್ಲ. ಇದೇ ನಿಲಯವನ್ನು ಎಫ್.ಎಂ. 103.5ರಲ್ಲಿ ಕೇಳಿದರೆ ನಾದ ಎಷ್ಟೋ ಸ್ವಚ್ಛ; ಆದರೆ ಆ ಅಲೆಯ ಉದ್ದ ಮೂರು ಮೀಟರಿಗೂ ಕಡಿಮೆ. ಅದು ನೋಟದ ಹಾಗೆ ನೇರ ಸಾಗುತ್ತದೆ. ಗುಡ್ಡ ಅಡ್ಡ ಬಂದರೆ ಮುಗಿಯಿತು.

ಆದ್ದರಿಂದ ನಿಮ್ಮ ಕಾರಿನ ಡ್ಯಾಷ್‌ಬೋರ್ಡಿನಲ್ಲಿ ಎರಡು ಗುಂಡಿಗಳ ನಡುವೆ ಅಂಕಿಗಳ ಪಟ್ಟಿಯಿರುವ ಹಳೆಯ ರೇಡಿಯೋ ಇದ್ದರೆ, ಅದನ್ನು ಬರಿಯ ಅಲಂಕಾರವೆಂದು ತಿಳಿಯಬೇಡಿ. ಈ ಪ್ರದೇಶದ ಜನ ಒಂದು ಕಾಲದಲ್ಲಿ ಲೋಕವನ್ನು ಹೇಗೆ ಕೇಳಿಸಿಕೊಂಡರು ಎಂಬುದಕ್ಕೆ ಅದು ದಾಖಲೆ. ದೇಶದ ಹಲವೆಡೆ ಮಧ್ಯಮ ತರಂಗದ ಪ್ರಸಾರವನ್ನು ಇತ್ತೀಚಿನ ವರ್ಷಗಳಲ್ಲಿ ನಿಲ್ಲಿಸಲಾಗಿದೆ. ಆ ದನಿ ಕಡಿಮೆಯಾದಷ್ಟೂ ಆ ಪೆಟ್ಟಿಗೆಯ ಬೆಲೆ ಹೆಚ್ಚುತ್ತದೆ.

ಭದ್ರಾವತಿಯ ಮಾತು ಬಂದದ್ದರಿಂದ ಇನ್ನೊಂದು ಸ್ವಾರಸ್ಯ ಹೇಳುತ್ತೇನೆ. ಸ್ಪೀಕರ್ ಎಂದರೇನು? ಒಂದು ಅಯಸ್ಕಾಂತ, ಅದರ ನಡುವೆ ತಾಮ್ರದ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕಾಗದದ ಕೊಳವೆಬಾಯಿ. ಮುಖ್ಯವಾಗಿ ಕಬ್ಬಿಣ ಮತ್ತು ಕಾಗದ. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರನ್ನು ನಾಡಿಗೆ ಪರಿಚಯಿಸಿದ್ದೂ ಅವೆರಡೇ: 1923ರಲ್ಲಿ ಉತ್ಪಾದನೆ ಆರಂಭಿಸಿದ, ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿ ನಿಲ್ಲಿಸಿದ ಕಬ್ಬಿಣದ ಕಾರ್ಖಾನೆ, ಮತ್ತು 1930ರ ದಶಕದಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ. ಕಬ್ಬಿಣಕ್ಕೆ ತುಕ್ಕು, ಕಾಗದಕ್ಕೆ ತೇವ, ಎರಡೂ ವೈರಿಗಳೇ ಎಂಬುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಬಾಗಿಲಿನ ಒಳಗೆ ಕಾಗದದ ಸ್ಪೀಕರ್ ಇಟ್ಟರೆ ನಾಲ್ಕು ಮಳೆಗಾಲದಲ್ಲಿ ಅದು ಹಪ್ಪಳವಾಗುತ್ತದೆ, ಏಕೆಂದರೆ ಹಳೆಯ ಕಾರಿನ ಕಿಟಕಿ ಗಾಜಿನ ಸಂದಿಯಿಂದ ನೀರು ಬಾಗಿಲೊಳಗೆ ಇಳಿಯುತ್ತಲೇ ಇರುತ್ತದೆ. ಬಾಗಿಲನ್ನು ಕೊರೆಯಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಮಾಡುವುದು ಹೇಗೆ? ಮೊದಲ ಹೆಜ್ಜೆ ಸ್ಪೀಕರಿನಲ್ಲಿಲ್ಲ, ಬ್ಯಾಟರಿಯಲ್ಲಿದೆ. ಬಾನೆಟ್ ಎತ್ತಿ, ಬ್ಯಾಟರಿಯ ಯಾವ ತುದಿ ಕಾರಿನ ಮೈಗೆ ಜೋಡಣೆಯಾಗಿದೆ ಎಂದು ನೋಡಿ. ಇಂದಿನ ಎಲ್ಲ ಕಾರುಗಳಲ್ಲಿ ಅದು ಋಣ ತುದಿ. ಆದರೆ 1960ರ ದಶಕದವರೆಗಿನ ಅನೇಕ ಬ್ರಿಟಿಷ್ ಮೂಲದ ಕಾರುಗಳಲ್ಲಿ ಧನ ತುದಿಯನ್ನು ಮೈಗೆ ಜೋಡಿಸುತ್ತಿದ್ದರು. ಮೆಕ್ಯಾನಿಕ್‌ಗಳು ಇದನ್ನು 'ಪಾಸಿಟಿವ್ ಅರ್ತ್' ಎನ್ನುತ್ತಾರೆ. ಹೊಸ ಸ್ಟೀರಿಯೋದ ಲೋಹದ ಹೊದಿಕೆ ಋಣ ತುದಿಗೆ ಸೇರಿರುತ್ತದೆ. ಅದು ಅಂಥ ಕಾರಿನ ಮೈಗೆ ತಾಗಿತೆಂದರೆ ಬ್ಯಾಟರಿಯ ಎರಡು ತುದಿಗಳನ್ನು ನೇರ ಜೋಡಿಸಿದಂತೆಯೇ. ಫ್ಯೂಸ್ ಇದ್ದರೆ ಫ್ಯೂಸ್ ಹೋಗುತ್ತದೆ. ಇಲ್ಲದಿದ್ದರೆ ವೈರು ಹೊತ್ತಿಕೊಳ್ಳುತ್ತದೆ. ಪೆಟ್ಟಿಗೆಗೆ ರಬ್ಬರ್ ಸುತ್ತಿ ಕೂರಿಸಿ ಜಾಣತನ ಮಾಡಿದವರೂ ಏರಿಯಲ್ ತಂತಿಯ ಹೊರಜಾಲ ಮೈಗೆ ತಾಗುವುದನ್ನು ಮರೆತು ಸಿಕ್ಕಿಬೀಳುತ್ತಾರೆ. ಇಂಥ ಕಾರಿಗೆ ಒಳಗೂ ಹೊರಗೂ ವಿದ್ಯುತ್ ಸಂಪರ್ಕವಿಲ್ಲದಂತೆ ಬೇರ್ಪಡಿಸುವ ಪರಿವರ್ತಕವನ್ನು ನಡುವೆ ಹಾಕುವುದು ಸುರಕ್ಷಿತ. ಇಡೀ ಕಾರನ್ನೇ ಋಣ ಅರ್ತಿಗೆ ಬದಲಿಸಬಹುದು, ಆದರೆ ಡೈನಮೋವನ್ನು ಹೊಸ ದಿಕ್ಕಿಗೆ ಒಗ್ಗಿಸಬೇಕು, ಕಾಯಿಲ್ ಮತ್ತು ಆಮೀಟರ್ ತಂತಿಗಳನ್ನು ಅದಲುಬದಲು ಮಾಡಬೇಕು. ತಿಳಿದವರೇ ಮಾಡಬೇಕಾದ ಕೆಲಸ ಅದು.

ಎರಡನೆಯದು ವಿದ್ಯುತ್ತಿನ ಲೆಕ್ಕ. ಅಂಗಡಿಯವರು 50 ವ್ಯಾಟಿನ ನಾಲ್ಕು ಸ್ಪೀಕರ್ ಎನ್ನುತ್ತಾರೆ. ಒಟ್ಟು 200 ವ್ಯಾಟ್. 12 ವೋಲ್ಟಿನಲ್ಲಿ ಸುಮಾರು 17 ಆಂಪಿಯರ್. ಆಂಪ್ಲಿಫೈಯರ್ ತಾನು ಬಿಸಿಯಾಗಿ ತಿನ್ನುವುದು ಬೇರೆ. ಹಾಡು ಸದಾ ಪೂರ್ಣ ಬಲದಲ್ಲಿ ನುಡಿಯುವುದಿಲ್ಲ, ನಿಜ. ಆದರೆ ಆ ಕಾಲದ ಡೈನಮೋ ಚೆನ್ನಾಗಿ ಓಡುವಾಗ ಕೊಡುವುದೇ ಇಪ್ಪತ್ತು ಆಂಪಿಯರಿನ ಸುಮಾರು. ಕಾರು ನಿಂತು ಇಂಜಿನ್ ಮೆಲ್ಲಗೆ ತಿರುಗುವಾಗ ಏನೇನೂ ಇಲ್ಲವೆನ್ನಬಹುದು. ಆಷಾಢದ ಸಂಜೆ ಶಿವಮೊಗ್ಗದಿಂದ ಭದ್ರಾವತಿಗೆ ಬಿ.ಎಚ್. ರಸ್ತೆಯಲ್ಲಿ ಹೊರಟಿದ್ದೀರಿ ಎಂದುಕೊಳ್ಳಿ. ಹೆಡ್‌ಲೈಟಿಗೆ ಏಳೆಂಟು ಆಂಪಿಯರ್, ವೈಪರಿಗೆ ಎರಡು ಮೂರು, ಇಂಜಿನ್ನಿನ ಕಿಡಿಗೆ ಒಂದಿಷ್ಟು. ಉಳಿದದ್ದರಲ್ಲಿ ಹಾಡು. ಲಾರಿಗಳ ಸಾಲಿನ ಹಿಂದೆ ಸಿಕ್ಕಿಬಿದ್ದು ತೆವಳಿದರೆ ಸ್ಟೀರಿಯೋ ಬ್ಯಾಟರಿಯನ್ನೇ ತಿನ್ನತೊಡಗುತ್ತದೆ.

ಇದಕ್ಕೆ ಪರಿಹಾರ ದೊಡ್ಡ ಡೈನಮೋ ಅಲ್ಲ, ಸಣ್ಣ ಆಸೆ. ಒಂದೇ ಬಲಕ್ಕೆ ಹೆಚ್ಚು ಸದ್ದು ಕೊಡುವ ಸ್ಪೀಕರುಗಳಿರುತ್ತವೆ. ಪೆಟ್ಟಿಗೆಯ ಮೇಲೆ ಡೆಸಿಬೆಲ್ ಲೆಕ್ಕದಲ್ಲಿ ಬರೆದಿರುತ್ತಾರೆ. ಅದರಲ್ಲಿ ಮೂರು ಡೆಸಿಬೆಲ್ ಹೆಚ್ಚಿದ್ದರೆ ಅಷ್ಟೇ ಸದ್ದಿಗೆ ಅರ್ಧ ವಿದ್ಯುತ್ ಸಾಕು. ಅಂಥ ಎರಡು ಸ್ಪೀಕರ್, ಹದಿನೈದು ಇಪ್ಪತ್ತು ವ್ಯಾಟಿನ, ಹೆಚ್ಚು ಬಿಸಿಯಾಗದ 'ಡಿ' ವರ್ಗದ ಪುಟ್ಟ ಆಂಪ್ಲಿಫೈಯರ್ ಇದ್ದರೆ ಒಂದು ಕಾರಿಗೆ ಧಾರಾಳ. ಅಂಗೈಯಗಲದ ಆ ಪೆಟ್ಟಿಗೆಯೊಳಗೇ ಬ್ಲೂಟೂತ್ ಇರುತ್ತದೆ. ಜೇಬಿನ ಫೋನಿನಿಂದ ಹಾಡು ಬರುವುದಾದರೆ ಡ್ಯಾಷ್‌ಬೋರ್ಡಿನ ಮೇಲೆ ಹೊಸ ಗುಂಡಿಯೇ ಬೇಡ. ಮರೆಯಲ್ಲಿಡುವ ಕೆಲಸವನ್ನು ಇಂದಿನ ತಂತ್ರಜ್ಞಾನವೇ ಅಷ್ಟು ಸುಲಭ ಮಾಡಿಕೊಟ್ಟಿದೆ.

ಇನ್ನು ಜಾಗ. ಆಂಪ್ಲಿಫೈಯರ್ ಮುಂದಿನ ಸೀಟಿನ ಕೆಳಗೆ, ನೆಲದಿಂದ ಒಂದಿಂಚು ಎತ್ತರದಲ್ಲಿ ಇರಲಿ. ಮಳೆನೀರು ಮೊದಲು ನಿಲ್ಲುವುದು ನೆಲದಲ್ಲೇ. ಹಿಂದಿನ ಸ್ಪೀಕರುಗಳಿಗೆ ಹಿಂಬದಿ ಗಾಜಿನ ಕೆಳಗಿನ ಹಲಗೆ ಇದೆ. ಮೂಲ ಹಲಗೆಯನ್ನು ಬಿಚ್ಚಿ ಜೋಪಾನವಾಗಿಟ್ಟು, ಅದೇ ಅಳತೆಯ ಇನ್ನೊಂದನ್ನು ಪ್ಲೈವುಡ್ಡಿನಲ್ಲಿ ಮಾಡಿಸಿ, ಅದಕ್ಕೆ ತೂತು ಹಾಕಿ, ಮೇಲೆ ಸದ್ದು ಹಾಯುವ ಬಟ್ಟೆ ಹೊದಿಸಿ. ಮುಂದಿನ ಸ್ಪೀಕರುಗಳಿಗೆ ಕಾಲಿನ ಪಕ್ಕದ ತಗಡಿನ ಮುಂದೆ ಬಿಡಿ ಪೆಟ್ಟಿಗೆ ಮಾಡಿಸಬಹುದು. ವೈರನ್ನು ಹಳೆಯ ವೈರಿಂಗಿನ ನಡುವೆ ಗಂಟುಹಾಕಬೇಡಿ. ಬಟ್ಟೆ ಸುತ್ತಿದ ಆ ವೈರುಗಳು ಮುಟ್ಟಿದರೆ ಪುಡಿಯಾಗುವ ವಯಸ್ಸಿನವು. ಬ್ಯಾಟರಿಯಿಂದ ಬೇರೆಯೇ ದಪ್ಪ ವೈರು ಎಳೆದು, ಬ್ಯಾಟರಿಯ ಒಂದು ಗೇಣಿನೊಳಗೆ ಫ್ಯೂಸ್ ಹಾಕಿ, ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವಂತೆ ರಿಲೇ ಜೋಡಿಸಿ. ಏರಿಯಲ್ಲಿಗೆ ಹೊಸ ತೂತು ಬೇಡ. ಹಳೆಯ ಮುಕ್ಕಾಲು ಮೀಟರಿನ ಕಡ್ಡಿ ಇದ್ದರೆ ಅದು ಎಫ್.ಎಂ. ಅಲೆಯ ಕಾಲುಭಾಗಕ್ಕೆ ಸರಿಸುಮಾರು ಹೊಂದುತ್ತದೆ.

ಹಳೆಯ ರೇಡಿಯೋದ ಹೊಟ್ಟೆ ಬಗೆದು, ಒಳಗೆ ಹೊಸ ಯಂತ್ರ ತುಂಬಿ, ಮುಖ ಮಾತ್ರ ಹಾಗೇ ಉಳಿಸುವ ಪದ್ಧತಿಯೊಂದಿದೆ. ನೋಡಲು ಚೆಂದ. ರೇಡಿಯೋ ಮೊದಲೇ ಕೆಟ್ಟು, ರಿಪೇರಿಗೆ ದಾರಿಯೇ ಇಲ್ಲವೆಂದಾದರೆ ನನ್ನ ತಕರಾರಿಲ್ಲ. ಆದರೆ ಎಷ್ಟೋ ಸೆಟ್ಟುಗಳು ಸತ್ತಿರುವುದಿಲ್ಲ. ಒಂದೆರಡು ಕಂಡೆನ್ಸರ್ ಒಣಗಿರುತ್ತವೆ, ಅಷ್ಟೆ. ಹೊಟ್ಟೆ ಬಗೆಯುವ ಮೊದಲು ಹಳೆಯ ರೇಡಿಯೋ ರಿಪೇರಿ ಬಲ್ಲವರಿಗೆ ಒಮ್ಮೆ ತೋರಿಸಿ. ಅಂಥವರ ಸಂಖ್ಯೆಯೂ ಬೆರಳೆಣಿಕೆಗೆ ಇಳಿದಿದೆ.

ಇದೆಲ್ಲ ಅತಿಯಾದ ಮಡಿವಂತಿಕೆ ಎಂದು ನಿಮಗೆ ಅನ್ನಿಸಬಹುದು. ಆದರೆ ಲೋಕ ಈ ಮಾತನ್ನು ಒಪ್ಪಿದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು, ಪುರಾತನ ಕಟ್ಟಡಗಳಿಗಾಗಿ 1964ರಲ್ಲಿ ರೂಪಿಸಿದ ವೆನಿಸ್ ಸನ್ನದಿನ ಮಾದರಿಯದು. ಬದಲಾವಣೆ ಕಣ್ಣಿಗೆ ಹೊಡೆಯದಂತಿರಲಿ, ಮತ್ತೆ ಬಿಚ್ಚುವಂತಿರಲಿ, ತೆಗೆದ ಮೂಲಭಾಗಗಳು ವಾಹನದೊಂದಿಗೇ ಇರಲಿ ಎಂಬುದು ಅದರ ಆಶಯ. ನಮ್ಮ ದೇಶದಲ್ಲೂ 2021ರಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ಬಂತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಸ್ಟೀರಿಯೋ ಹಾಕಿಸಿದ ಮಾತ್ರಕ್ಕೆ ಯಾರೂ ನೋಂದಣಿ ನಿರಾಕರಿಸಲಾರರು. ಆದರೆ 'ಮೂಲ ರೂಪ' ಎಂಬ ಎರಡು ಪದಗಳಿಗೆ ಕಾನೂನಿನಲ್ಲಿ ಬೆಲೆ ಬಂದಿದೆ ಎಂಬುದನ್ನು ಗಮನಿಸಿ.

ಹಳೆಯ ಮನೆಗೆ ಕರೆಂಟು ಹಾಕಿಸಿದ ನಮ್ಮ ಹಿರಿಯರನ್ನು ನೆನೆಯಿರಿ. ಅವರು ಕತ್ತಲಲ್ಲಿ ಕೂರಲಿಲ್ಲ. ಹಾಗೆಂದು ಕೆತ್ತನೆಯ ಕಂಬವನ್ನು ಕೊರೆದು ವೈರನ್ನೂ ಎಳೆಯಲಿಲ್ಲ. ತೊಲೆಯ ಪಕ್ಕದಲ್ಲಿ ಮರದ ಪಟ್ಟಿ ಹೊಡೆದು, ಅದರೊಳಗೆ ವೈರು ಸಾಗಿಸಿದರು. ಬೇಡವಾದಾಗ ಪಟ್ಟಿ ಕಿತ್ತರೆ ತೊಲೆ ತೊಲೆಯಾಗಿಯೇ ಉಳಿಯಿತು. ಕಾರಿಗೂ ಅಷ್ಟೇ ವಿವೇಕ ಸಾಕು.

ಕೊನೆಗೆ ಒಂದು ಸಣ್ಣ ಕೆಲಸ. ಬಿಚ್ಚಿದ ಪ್ರತಿ ಸ್ಕ್ರೂ, ಪ್ರತಿ ಹಲಗೆ, ಪ್ರತಿ ತಂತಿಗೆ ಚೀಟಿ ಕಟ್ಟಿ, ಯಾವ ದಿನ ಎಲ್ಲಿಂದ ತೆಗೆದದ್ದೆಂದು ಬರೆದು, ಬಟ್ಟೆಯ ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿಡಿ. ಹೊಸ ವೈರಿಂಗಿನ ನಕ್ಷೆಯೊಂದನ್ನು ಕೈಯಲ್ಲೇ ಬರೆದು ಆರ್.ಸಿ. ಪುಸ್ತಕದ ಜೊತೆ ಇಡಿ. ನೀವು ಹಾಕಿಸಿದ ಸ್ಟೀರಿಯೋ ಹತ್ತು ವರ್ಷಕ್ಕೆ ಹಳತಾಗುತ್ತದೆ, ಬಹುಶಃ ಅದಕ್ಕೂ ಮೊದಲೇ. ಕಾರು ಅದಕ್ಕಿಂತ ಬಹುಕಾಲ ಇರುತ್ತದೆ. ಮುಂದೆ ಅದು ಯಾರ ಕೈಗೆ ಹೋಗುತ್ತದೋ, ಅವರು ಅರ್ಧ ದಿನದಲ್ಲಿ ನಿಮ್ಮ ಕೆಲಸವನ್ನೆಲ್ಲ ಬಿಚ್ಚಿ, ಕಾರನ್ನು ಹಿಂದಿನಂತೆ ಮಾಡಲು ಸಾಧ್ಯವಾಗಬೇಕು. ಹಾಗಾದರೆ ನೀವು ಮಾಡಿಸಿದ ಕೆಲಸ ಸರಿಯಾಗಿದೆ ಎಂದರ್ಥ.