ಬಿಸಿನೀರಿನ ಅಂಚಿನಲ್ಲಿ

ಚಳಿಗಾಲದ ಭಾನುವಾರ, ಬೆಳಗಿನ ಜಾವ. ವಸಾಯಿಯಿಂದ ವಜ್ರೇಶ್ವರಿಗೆ ಹೊರಟ ಬಸ್ಸಿನಲ್ಲಿ ತುಳು, ಕನ್ನಡ ಮಾತು ಕಿವಿಗೆ ಬಿದ್ದರೆ ಅವರು ಅದರ ಪಕ್ಕದ ಗಣೇಶಪುರಿಗೆ ಹೊರಟವರೆಂದೇ ಲೆಕ್ಕ. ಮುಂಬಯಿಯ ನಮ್ಮೂರ ಹೋಟೆಲುಗಳಲ್ಲಿ ಗಲ್ಲಾಪೆಟ್ಟಿಗೆಯ ಮೇಲಿನ ಪಟದಲ್ಲಿ ಹಾರ ತೊಟ್ಟು ಕುಳಿತಿರುವ ನಿತ್ಯಾನಂದ ಸ್ವಾಮಿಗಳ ಊರು ಅದು. ಕಾಞಂಗಾಡಿನಲ್ಲಿದ್ದು, ಆಮೇಲೆ ಇತ್ತ ಬಂದು ನೆಲೆನಿಂತು, 1961ರ ಆಗಸ್ಟ್ 8ರಂದು ಸಮಾಧಿಯಾದವರು. ಅಲ್ಲಿ ಬಿಸಿನೀರಿನ ಕುಂಡಗಳಿವೆ. ಬಂದವರು ಮೊದಲು ಹೆಬ್ಬೆರಳು ಅದ್ದಿ, ಅಯ್ಯೋ ಎಂದು ಹಿಂದೆಗೆದು, ಮತ್ತೆ ಇಳಿಯುತ್ತಾರೆ. ನಾನೂ ಹಾಗೆಯೇ ಇಳಿದವನು.

ಈ ನೀರನ್ನು ಕಾಯಿಸುವವರು ಯಾರು? ವಜ್ರೇಶ್ವರಿ ದೇವಿ ಕೊಂದ ರಕ್ಕಸರ ರಕ್ತದ ಬಿಸಿ ಎನ್ನುತ್ತದೆ ಸ್ಥಳಪುರಾಣ. ಮಳೆನೀರು ಕಲ್ಲಿನ ಬಿರುಕಿನಲ್ಲಿ ಆಳಕ್ಕಿಳಿದು, ಭೂಮಿಯ ಕಾವು ಹೊತ್ತು ಮೇಲೆ ಬರುತ್ತದೆ ಎನ್ನುತ್ತದೆ ಭೂವಿಜ್ಞಾನ. ಜ್ವಾಲಾಮುಖಿ ಈಗ ಇಲ್ಲಿಲ್ಲ; ಅದರ ಒಲೆ ಆರಿ ಆರೂವರೆ ಕೋಟಿ ವರ್ಷವೇ ಆಯಿತು. ಅಂಧೇರಿಯ ಗಿಲ್ಬರ್ಟ್ ಹಿಲ್‌ನ ಕಲ್ಲಿನ ಕಂಬಗಳು ಅದರ ಗುರುತು.

ಕಡಲ ತಳದಲ್ಲಿ ಮಾತ್ರ ಒಲೆ ಇನ್ನೂ ಉರಿಯುತ್ತಿದೆ. ಬಿರುಕಿಗಿಳಿದ ಸಮುದ್ರದ ನೀರು ಕಾದು, ಖನಿಜ ಕರಗಿಸಿಕೊಂಡು, ಕೆಲವೆಡೆ ಕಪ್ಪು ಹೊಗೆಯಂತೆ ಮೇಲೇಳುತ್ತದೆ. 1977ರಲ್ಲಿ ಗಲಪಗೋಸ್ ಬಳಿ ಎರಡೂವರೆ ಕಿಲೋಮೀಟರ್ ಆಳದಲ್ಲಿ ಕಡಲತಳದ ಬಿಸಿ ಬುಗ್ಗೆಗಳು ಮೊದಲು ಕಂಡವು. ಬಿಸಿಲೇ ಕಾಣದ ಆ ಕತ್ತಲಲ್ಲಿ ಗಂಧಕದ ಅನಿಲವುಂಡು ಬದುಕುವ ಬ್ಯಾಕ್ಟೀರಿಯಾಗಳು, ಅವನ್ನು ನಂಬಿದ ಜೀವಿಗಳು ತುಂಬಿದ್ದವು. 2008ರಲ್ಲಿ ಗ್ರೀನ್‌ಲೆಂಡ್, ನಾರ್ವೆಗಳ ನಡುವಿನ ಹಿಮಸಮುದ್ರದಲ್ಲೂ ಬುಗ್ಗೆ ಸಿಕ್ಕಿತು. ನೀರಿನ ಬಿಸಿ ಸುಮಾರು 300 ಡಿಗ್ರಿ. ಮೇಲಿನ ನೀರಿನ ಭಾರಕ್ಕೆ ಅಲ್ಲಿ ಅದು ಕುದಿಯಲೂ ಆಗದು. ನಮ್ಮ ದೇಶದವರೂ 2024ರ ಡಿಸೆಂಬರಿನಲ್ಲಿ ಹಿಂದೂ ಮಹಾಸಾಗರದ 4,500 ಮೀಟರ್ ಆಳದ ಬುಗ್ಗೆಯೊಂದರ ಚಿತ್ರ ತೆಗೆದರು.

ನನ್ನ ಮನಸ್ಸು ಮಾತ್ರ ಅಂಟಾರ್ಕ್ಟಿಕಾ ಕಡೆಯ ಏಡಿಗಳನ್ನು ಬಿಟ್ಟು ಬರುತ್ತಿಲ್ಲ. ಸ್ಕಾಟಿಯಾ ಸಮುದ್ರದ ಬುಗ್ಗೆಗಳಲ್ಲಿ ಒಂದು ಚದರ ಮೀಟರಿಗೆ ನೂರಾರು ಬಿಳಿ ಏಡಿಗಳು, ಒಂದರ ಮೇಲೊಂದು. ಒಂದಿಷ್ಟು ಒಳಗೆ ಸರಿದರೆ ಬೇಯುತ್ತವೆ, ಹೊರಗೆ ಸರಿದರೆ ಹೆಪ್ಪುಗಟ್ಟಿಸುವ ಚಳಿ. ವಿರಾರ್ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಎದೆಯ ರೋಮದಲ್ಲೇ ಬ್ಯಾಕ್ಟೀರಿಯಾ ಬೆಳೆದು, ಬಾಚಿ ಬಾಚಿ ತಿನ್ನುತ್ತವೆ, ಮೈಯೇ ಗದ್ದೆ. ಆದರೆ ಮೊಟ್ಟೆ ಹೊತ್ತ ಹೆಣ್ಣು ಆ ಗುಂಪಿನಿಂದ ದೂರ, ತಣ್ಣೀರಿಗೆ ನಡೆದುಬಿಡುತ್ತದೆ. ಬುಗ್ಗೆಯ ಬಾಯಿಯ ಬಿಸಿ, ವಿಷ ಮರಿಗಳಿಗೆ ಹಿಡಿಸದು. ಆದರೆ ತಣ್ಣೀರಿನಲ್ಲಿ ಗದ್ದೆಗೆ ಗೊಬ್ಬರವಿಲ್ಲ, ತಾಯಿ ಸೊರಗುತ್ತಾಳೆ.

ಅಂದು ಗಣೇಶಪುರಿಯಲ್ಲಿ ಕುಂಡದ ಮೇಲಿನ ಮೆಟ್ಟಿಲಲ್ಲಿ ಎಳೆಕೂಸಿನ ತಾಯಿಯೊಬ್ಬಳು ಕುಳಿತಿದ್ದಳು. ಮನೆಯವರೆಲ್ಲ ನೀರಿನಲ್ಲಿ. ಅವಳು ಚಳಿಗೆ ಸೆರಗು ಬಿಗಿದುಕೊಂಡು, ಆರಿಸಿದ ನೀರಿನಲ್ಲಿ ಬೆರಳದ್ದಿ ಮಗುವಿನ ಅಂಗಾಲು ಸವರುತ್ತಿದ್ದಳು.