ದವಾಖಾನೆಯ ನೆಲ ಹೇಗಿರಬೇಕು?



ನಮ್ಮೂರ ಆರೋಗ್ಯ ಉಪಕೇಂದ್ರಕ್ಕೆ ಹೊಸ ನೆಲ ಹಾಕಬೇಕಾಗಿದೆ. ಬರುವ ಗ್ರಾಮಸಭೆಯಲ್ಲಿ ಈ ವಿಷಯ ಬರುತ್ತದೆ. "ನೆಲದ ಉಸಾಬರಿ ನಮಗ್ಯಾಕ್ರೀ ಮಾಸ್ತರ? ಮೇಸ್ತ್ರಿ ನೋಡಿಕೊಳ್ತಾನ" ಎಂದು ನಿನ್ನೆ ಒಬ್ಬರು ಕೇಳಿದರು. ಅದಕ್ಕೇ ಇವತ್ತು ಈ ಮಾತು.

ಈಗಿನ ನೆಲ ನೋಡಿದ್ದೀರಲ್ಲ? ಗಾರೆ ನೆಲ. ತುಂಬ ಬಿರುಕು. ಗಾಯಕ್ಕೆ ಪಟ್ಟಿ ಕಟ್ಟುವಾಗ ರಕ್ತ, ಕೀವು ಬೀಳುತ್ತದೆ. ಅದು ಬಿರುಕಿನೊಳಗೆ ಇಳಿಯುತ್ತದೆ. ನರ್ಸಮ್ಮ ಎಷ್ಟು ಒರೆಸಿದರೂ ಹೋಗುವುದಿಲ್ಲ. ಅದೇ ನೆಲದ ಮೇಲೆ ನಮ್ಮ ಕೂಸುಗಳು ಅಂಬೆಗಾಲಿಡುತ್ತವೆ.

ಮನೆಯಲ್ಲಿ ಸಗಣಿ ಸಾರಿಸುತ್ತೇವೆ, ನಿಜ. ಆದರೆ ಸಗಣಿಯಲ್ಲಿ ಧನುರ್ವಾಯು ರೋಗಾಣು ಇರಬಹುದು. ಗಾಯ ತೊಳೆಯುವ ಕಡೆ, ಹೆರಿಗೆ ಆಗುವ ಕಡೆ ಅದು ಬೇಡವೇ ಬೇಡ.

ಹಾಗಾದರೆ ಫಳಫಳ ಹೊಳೆಯುವ ಟೈಲ್ಸ್ ಹಾಕೋಣವೇ? ನಮ್ಮ ಅವ್ವನ ಕಥೆ ಕೇಳಿ. ತಾಲ್ಲೂಕಿನ ಒಂದು ದವಾಖಾನೆಗೆ ಜ್ವರ ಅಂತ ಹೋದಳು. ಆಗಷ್ಟೇ ನೆಲ ಒರೆಸಿದ್ದರು. ಕಾಲು ಜಾರಿತು. ಸೊಂಟದ ಮೂಳೆ ಮುರಿಯಿತು. ಜ್ವರ ಮೂರು ದಿನಕ್ಕೆ ಹೋಯಿತು. ಅವ್ವ ಮಾತ್ರ ಇವತ್ತಿಗೂ ಕೋಲು ಹಿಡಿದೇ ನಡೆಯುತ್ತಾಳೆ.

ನಮ್ಮ ಕಡೆ ಶಹಾಬಾದ್ ಫರಸಿ ಅಗ್ಗ. ಗಟ್ಟಿಯೂ ಹೌದು. ಆದರೆ ಅದು ಸುಣ್ಣದ ಕಲ್ಲು. ಕಲೆ ಹೀರುತ್ತದೆ. ಆ್ಯಸಿಡ್ ಹಾಕಿದರೆ ಕಲ್ಲೇ ತಿಂದುಹೋಗುತ್ತದೆ. ಅದನ್ನು ಹೊರಗಿನ ಪಡಸಾಲೆಗೆ ಹಾಕೋಣ. ಒಳಗಿನ ಕೋಣೆಗೆ ವಿಟ್ರಿಫೈಡ್ ಟೈಲ್ಸ್ ಒಳ್ಳೆಯದು. ಅದು ನೀರು ಹೀರುವುದು ಬಹಳ ಕಡಿಮೆ. ಆದರೆ ಹೊಳಪಿನದು ಬೇಡ, ಮ್ಯಾಟ್ ಬೇಕು. 2 ಅಡಿಗೆ 2 ಅಡಿಯ ದೊಡ್ಡ ಟೈಲ್ಸ್ ಆದರೆ ಸಂದು ಕಡಿಮೆ. ಕೊಳೆ ಕೂಡುವುದು ಸಂದಿನಲ್ಲೇ ಅಲ್ಲವೇ?

ಕೊಳ್ಳುವ ಮೊದಲು ಅಂಗಡಿಯಿಂದ ಒಂದು ಟೈಲ್ ತನ್ನಿ. ಅರಿಸಿನದ ನೀರು ಹಾಕಿ, ಒಂದು ತಾಸು ಬಿಟ್ಟು ಒರೆಸಿ. ಕಲೆ ಉಳಿಯಿತೇ? ಬೇಡ. ನೀರು ಸುರಿದು ಬರಿಗಾಲಲ್ಲಿ ತಿಕ್ಕಿ. ಜಾರಿತೇ? ಬೇಡ.

ಕೆಲಸ ಆದ ಮೇಲೆ ಟೈಲ್ ಮೇಲೆ ನಾಣ್ಯದಿಂದ ಬಡಿಯಿರಿ. ಟೊಳ್ಳು ಶಬ್ದ ಬಂದರೆ ಕೆಳಗೆ ಸಿಮೆಂಟ್ ಸರಿಯಾಗಿ ಕೂತಿಲ್ಲ. ಮಂಚದ ಕಾಲು ಊರಿದರೆ ಒಡೆಯುತ್ತದೆ. ಒಂದು ತಂಬಿಗೆ ನೀರು ಸುರಿಯಿರಿ. ಅದು ಮೋರಿಯ ಕಡೆಗೆ ಹರಿಯಬೇಕು. ಇಲ್ಲದಿದ್ದರೆ ವಾಟ ಸರಿಯಿಲ್ಲ.

ನೆಲ ಎಷ್ಟೇ ಒಳ್ಳೆಯದಿರಲಿ, ತೊಳೆಯುವ ಕ್ರಮ ಗೊತ್ತಿರಬೇಕು. ರಕ್ತ ಬಿದ್ದರೆ ಕೈಗವಸು ಹಾಕಿಕೊಳ್ಳಬೇಕು. 1 ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ ಅದರ ಮೇಲೆ ಹಾಕಬೇಕು. 10 ನಿಮಿಷ ಬಿಟ್ಟು ಒರೆಸಬೇಕು. ಬ್ಲೀಚಿಂಗ್ ಪುಡಿಗೆ ಆ್ಯಸಿಡ್ ಎಂದೂ ಬೆರೆಸಬೇಡಿ. ವಿಷದ ಗಾಳಿ ಏಳುತ್ತದೆ.

ಗ್ರಾಮಸಭೆಯಲ್ಲಿ ಖರ್ಚಿನ ಪಟ್ಟಿ ಇಡುತ್ತಾರೆ. ಮೊದಲು ನಾವು ಕೇಳದೆಯೇ ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ನಿಮಗೆ ಓದಲು ಬರುತ್ತದೆ. ಪಟ್ಟಿ ಕೈಗೆ ಕೊಡಿ ಎಂದು ಕೇಳಿ. ಯಾವ ಟೈಲ್ಸ್, ಎಷ್ಟು ಅಡಿ, ಎಷ್ಟು ರೂಪಾಯಿ ಎಂದು ಓದಿ. ಸರಿ ಕಂಡರೆ ರುಜು ಹಾಕಿ. ಸರಿ ಇಲ್ಲದಿದ್ದರೆ ಎದ್ದು ನಿಂತು ಕೇಳಿ.

ಆ ನೆಲದ ಮೇಲೆ ನಡೆಯುವವರು ನಾವೇ. ಆರಿಸುವವರೂ ನಾವೇ ಆಗೋಣ.