ಹೊಂದುವ ಥೆರಪಿಸ್ಟ್ ಸಿಗುವವರೆಗೆ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಒಂದು ಸೀರೆ ಕೊಳ್ಳಲು ದಾದರಿಗೆ ಹೋದರೆ ನಾವು ಹತ್ತು ಅಂಗಡಿ ಹತ್ತಿ ಇಳಿಯುತ್ತೇವೆ. ಮಕ್ಕಳಿಗೆ ಟ್ಯೂಷನ್ ಹುಡುಕುವಾಗ ನಾಲ್ಕು ಜನರನ್ನು ವಿಚಾರಿಸುತ್ತೇವೆ. ಆದರೆ ಮನಸ್ಸಿನ ನೋವಿಗೆ ಸಹಾಯ ಬೇಕಾದಾಗ ಮಾತ್ರ ಮೊದಲು ಸಿಕ್ಕವರ ಹತ್ತಿರ ಒಂದು ಸಲ ಹೋಗಿ, ಸರಿಬರದಿದ್ದರೆ "ನನಗೆ ಇದೆಲ್ಲ ಆಗಿಬರುವುದಿಲ್ಲ" ಎಂದು ಸುಮ್ಮನಾಗಿಬಿಡುತ್ತೇವೆ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಒಬ್ಬರು ಹೊಂದಲಿಲ್ಲ ಎಂದರೆ ಚಿಕಿತ್ಸೆಯೇ ಹೊಂದುವುದಿಲ್ಲ ಎಂದಲ್ಲ.

ನಾನು ಈ ವಿಷಯ ಓದಿದವಳಲ್ಲ. ಮೂರು ಕಡೆ ಹೋಗಿ ಬಂದವಳು. ನಮ್ಮ ಅತ್ತೆಯವರು ಮರೆವಿನ ಕಾಯಿಲೆಯಿಂದ ನಾಲ್ಕು ವರ್ಷ ನಮ್ಮ ಒನ್ ಬಿಎಚ್‌ಕೆ ಮನೆಯಲ್ಲೇ ಇದ್ದರು. ಅವರು ಹೋದ ಮೇಲೆ ನನಗೆ ನಿದ್ದೆ ಬರಬೇಕಿತ್ತು, ಬರಲಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾಗಿ ಬಾಗಿಲಿನ ಚಿಲಕ ನೋಡಿ ಬರುತ್ತಿದ್ದೆ. ಮೊದಲು ಹೋದ ಸಮಾಲೋಚಕಿ ಒಳ್ಳೆಯವರೇ. ಆದರೆ ನಾನು ಹಿಂದಿಯಲ್ಲಿ ಮಾತಾಡಬೇಕಿತ್ತು. "ಹೊಟ್ಟೆ ಉರಿಯುತ್ತದೆ" ಎನ್ನುವುದನ್ನು ಹಿಂದಿಗೆ ತಿರುಗಿಸಿ ಹೇಳಿದರೆ ಅವರು ಅಸಿಡಿಟಿ ಇದೆಯೇ ಎಂದು ಕೇಳಿದರು! ಎರಡನೆಯವರಿಗೆ ನನ್ನ ಮಾತು ಮುಗಿಯುವಷ್ಟು ತಾಳ್ಮೆ ಇರಲಿಲ್ಲ. "ಸೇವೆ ಮಾಡಿದ್ದೀರಿ, ಪುಣ್ಯ ಬಂತು, ಈಗ ಮರೆತುಬಿಡಿ" ಎಂದರು. ಮೂರನೆಯವರು ಮರಾಠಿಯವರು. "ಮೊದಲು ನಿಮ್ಮ ಕನ್ನಡದಲ್ಲೇ ಹೇಳಿ, ಅರ್ಥ ಆಮೇಲೆ ಇಬ್ಬರೂ ಸೇರಿ ಹುಡುಕೋಣ" ಎಂದರು. ಅತ್ತೆ ಹೋದಾಗ ನನಗೆ ದುಃಖಕ್ಕಿಂತ ಮೊದಲು ಹಗುರವೆನಿಸಿತ್ತು ಎಂಬ ಮಾತು ಅವತ್ತು ಬಾಯಿಂದ ಹೊರಗೆ ಬಂತು. ಯಜಮಾನರ ಹತ್ತಿರವೂ ಹೇಳಿರದ ಮಾತು ಅದು.

ಹೊಂದಾಣಿಕೆ ಎಂದರೆ ಬರೀ ಭಾಷೆಯಲ್ಲ, ಬರೀ ಒಳ್ಳೆಯತನವೂ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಇದನ್ನು ಮೂರು ಭಾಗ ಮಾಡಿ ಹೇಳಿದರು. ಇಬ್ಬರ ನಡುವೆ ನಂಬಿಕೆ ಇರಬೇಕು, ಏನನ್ನು ಸಾಧಿಸಬೇಕು ಎಂಬುದರಲ್ಲಿ ಒಪ್ಪಿಗೆ ಇರಬೇಕು, ಅದಕ್ಕೆ ಮಾಡುವ ಕೆಲಸದಲ್ಲೂ ಒಪ್ಪಿಗೆ ಇರಬೇಕು. ನನಗೆ ಬೇಕಿದ್ದದ್ದು ನಿದ್ದೆ. ಎರಡನೆಯವರಿಗೆ ಬೇಕಿದ್ದದ್ದು ನಾನು ಮರೆಯುವುದು. ದಾರಿಯೇ ಬೇರೆ ಆದಾಗ ಜೊತೆಗೆ ನಡೆಯುವುದು ಹೇಗೆ?

ಇನ್ನು, ಯಾರ ಹತ್ತಿರ ಹೋಗಬೇಕು? ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ವೈದ್ಯಕೀಯ ಓದಿದವರು, ಔಷಧಿ ಬರೆದುಕೊಡಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡುತ್ತಾರೆ, ಪರೀಕ್ಷೆಗಳನ್ನು ಮಾಡುತ್ತಾರೆ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇರಬೇಕು. ನೋಂದಣಿ ಸಂಖ್ಯೆ ಕೇಳಿ, ಸಂಕೋಚ ಬೇಡ. 'ಕೌನ್ಸೆಲರ್' ಎಂಬ ಬೋರ್ಡನ್ನು ಬೇರೆ ಬೇರೆ ಮಟ್ಟದ ತರಬೇತಿ ಪಡೆದವರು ಹಾಕಿಕೊಂಡಿರುತ್ತಾರೆ. ಆದ್ದರಿಂದ ಏನು ಓದಿದ್ದೀರಿ, ನನ್ನಂಥ ತೊಂದರೆಯವರನ್ನು ನೋಡಿದ್ದೀರಾ, ಶುಲ್ಕ ಎಷ್ಟು, ಬರಲಾಗದಿದ್ದರೆ ಎಷ್ಟು ಮುಂಚೆ ತಿಳಿಸಬೇಕು ಎಂದು ಫೋನಿನಲ್ಲೇ ಕೇಳಿಬಿಡಿ. ಒಳ್ಳೆಯವರು ಇದಕ್ಕೆ ಬೇಸರಪಡುವುದಿಲ್ಲ.

ನಮ್ಮಲ್ಲಿ ಇನ್ನೊಂದು ಕಷ್ಟವಿದೆ. ಕನ್ನಡದವರೇ ಬೇಕು ಎಂದು ಹುಡುಕಿದರೆ ಅವರು ನಮ್ಮ ನಾದಿನಿಯ ಗೆಳತಿಯೋ, ಸಂಘದ ಖಜಾಂಚಿಯ ಸೊಸೆಯೋ ಆಗಿರುತ್ತಾರೆ! ಪರಿಚಯವಿದ್ದರೆ ಮೊದಲೇ ಹೇಳಿ, ಬೇರೆಯವರ ಹೆಸರು ಕೇಳಿ. ಊರಿನ ಕಡೆಯವರ ಜೊತೆ ವಿಡಿಯೋ ಕರೆಯಲ್ಲಿ ಮಾತಾಡುವುದೂ ಒಂದು ದಾರಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ನಮಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳು ಮಾತ್ರ ಇದಕ್ಕೆ ಹೊರತು. ಯಾವ ಮಾತು ಹೊರಗೆ ಹೋಗಬಹುದು, ಯಾವುದು ಹೋಗುವುದಿಲ್ಲ ಎಂದು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಆರೋಗ್ಯ ವಿಮೆಯಲ್ಲೂ ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಯಂತೆಯೇ ಪರಿಗಣಿಸಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ನಿಮ್ಮ ಪಾಲಿಸಿಯನ್ನು ಒಮ್ಮೆ ತೆರೆದು ನೋಡಿ.

ಹಣದ ಅಥವಾ ಮನೆಯಿಂದ ಹೊರಡುವ ತೊಂದರೆ ಇದ್ದರೆ 14416 ಸಂಖ್ಯೆಯನ್ನು ಬರೆದುಕೊಳ್ಳಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಸಿಗುತ್ತದೆ. ಬದುಕೇ ಬೇಡ ಎನಿಸುವವರು ಹೊಂದುವವರನ್ನು ಹುಡುಕುತ್ತಾ ಕಾಯಬಾರದು. ಆಗಲೇ ಫೋನ್ ಮಾಡಬೇಕು, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಬೇಕು.

ಮೂರು ನಾಲ್ಕು ಭೇಟಿಯ ನಂತರ ನಿಮ್ಮನ್ನೇ ಕೇಳಿಕೊಳ್ಳಿ. ಹೇಳಬೇಕಾದದ್ದನ್ನು ಹೇಳಲು ಆಗುತ್ತಿದೆಯೇ? ಅಥವಾ ಅವರಿಗೆ ಬೇಸರವಾಗದಂತೆ ಮಾತು ಆರಿಸುತ್ತಿದ್ದೇನೆಯೇ? ಕೆಲವು ದಿನ ಅಳುತ್ತಾ ಹೊರಗೆ ಬರುತ್ತೇವೆ, ಅದರಲ್ಲಿ ತಪ್ಪಿಲ್ಲ. ಕುಗ್ಗಿ, ನಾಚಿಕೊಂಡು ಹೊರಗೆ ಬರುವಂತಾದರೆ ಅದನ್ನು ಅವರಿಗೇ ಹೇಳಿ. ಹೇಳಿದ ಮೇಲೂ ಬದಲಾಗದಿದ್ದರೆ ಬೇರೆಯವರನ್ನು ನೋಡಿ. ಹಾಗೆ ಬಿಟ್ಟುಬರುವುದು ಕೃತಘ್ನತೆಯಲ್ಲ. ಆದರೆ ಔಷಧಿ ನಡೆಯುತ್ತಿದ್ದರೆ ವೈದ್ಯರನ್ನು ಕೇಳದೆ ಅದನ್ನು ಮಾತ್ರ ನಿಲ್ಲಿಸಬೇಡಿ.

ಕೊನೆಯದಾಗಿ ಒಂದು ಮಾತು. ನಮ್ಮಲ್ಲಿ ಯಾರಾದರೂ "ಹೋಗಿದ್ದೆ ಕಣೇ, ಸರಿಹೋಗಲಿಲ್ಲ" ಎಂದರೆ "ಬಿಡು, ಅದೆಲ್ಲ ಯಾಕೆ" ಎನ್ನಬೇಡಿ. "ಇನ್ನೊಬ್ಬರನ್ನು ನೋಡೋಣ, ನಾನೂ ಜೊತೆಗೆ ಬರುತ್ತೇನೆ, ಹೊರಗೆ ಕೂತಿರುತ್ತೇನೆ" ಎನ್ನಿ. ನನಗೆ ಮೂರನೆಯ ಬಾಗಿಲು ತಟ್ಟುವ ಧೈರ್ಯ ಬಂದದ್ದು ಈ ವೇದಿಕೆಯ ಒಬ್ಬ ಅಕ್ಕ ಹಾಗೆಂದಿದ್ದರಿಂದ. ಅವರು ಇಲ್ಲೇ ಕೂತಿದ್ದಾರೆ. ಹೆಸರು ಹೇಳಬೇಡ ಎಂದಿದ್ದಾರೆ, ಹೇಳುವುದಿಲ್ಲ.